ಎಐ ಕೊಳ್ಳುವ ಮುಂಚೆ ನುಡಿ ಕಡತ ಸರಿಪಡಿಸಿ

ಮಾನ್ಯರೇ,

ಹಳೆಯ ವಾದಪತ್ರ, ನೋಟಿಸು, ತೀರ್ಪುಗಳನ್ನು ತಾನೇ ಹುಡುಕಿ ಹೊಸ ಡ್ರಾಫ್ಟ್ ಕೂಡ ಬರೆದುಕೊಡುವ ಎಐ (ಕೃತಕ ಬುದ್ಧಿಮತ್ತೆ) ತಂತ್ರಾಂಶಗಳ ಮಾರಾಟ ಈಗ ಚಿತ್ರದುರ್ಗ, ದಾವಣಗೆರೆಯ ವಕೀಲರ ಕಚೇರಿಗಳಿಗೂ ಬಂದಿದೆ. ಇಂಗ್ಲಿಷ್ ಕಡತ ಇಟ್ಟುಕೊಂಡು ತೋರಿಸುವ ಡೆಮೊ ಚೆನ್ನಾಗಿಯೇ ಇರುತ್ತದೆ. ನಮ್ಮ ಕನ್ನಡ ಕಡತಗಳ ಕಟ್ಟುಗಳನ್ನು ಅದಕ್ಕೆ ಹಾಕಿ ನೋಡಬೇಕು.

ತೊಡಕು ಇರುವುದು ಫಾಂಟಿನಲ್ಲಿ. ಟೈಪಿಸ್ಟರು ವರ್ಷಗಟ್ಟಲೆ ಬಳಸಿದ್ದು ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳನ್ನು. ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಅಕ್ಷರ, ಚಿಹ್ನೆಗಳೇ. ‘ಪಾಲುವಿಭಾಗ’ ಎಂದು ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಹುಡುಕಿದರೆ ಕಪಾಟು ತುಂಬ ಅಂಥ ದಾವೆಗಳಿದ್ದರೂ ಒಂದೂ ಸಿಗದು. ಮೊದಲು ಇವನ್ನು ಯುನಿಕೋಡ್‌ಗೆ ತರಬೇಕು. ಇಡೀ ಪುಟವನ್ನು ಪರಿವರ್ತಕಕ್ಕೆ ಸುರಿದರೆ, ನಡುನಡುವೆ ಟೈಮ್ಸ್ ನ್ಯೂ ರೋಮನ್‌ನಲ್ಲಿರುವ ಇಂಗ್ಲಿಷ್ ಹೆಸರು, ತೀರ್ಪುಗಳನ್ನು ಉಲ್ಲೇಖಿಸುವ ಸೈಟೇಶನ್‌ಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಫಾಂಟ್ ನೋಡಿ ಆಸ್ಕಿ ಭಾಗವನ್ನಷ್ಟೇ ಬದಲಿಸುವ ಪರಿವರ್ತಕ ಬೇಕು. ಅರ್ಕಾವೊತ್ತು ಆಸ್ಕಿಯಲ್ಲಿ ಅಕ್ಷರದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ಮೊದಲು. ಈ ಕ್ರಮದಲ್ಲಿ ತಪ್ಪುವ ಪರಿವರ್ತಕ ‘ಅರ್ಜಿದಾರ’ನನ್ನೂ ಕೆಡಿಸುತ್ತದೆ, ‘ದುರ್ಗ’ವನ್ನೂ ಕೆಡಿಸುತ್ತದೆ. ಮೂಲ ಕಡತ ಅಳಿಸಬೇಡಿ. ಉಚಿತ ಆನ್‌ಲೈನ್ ಪರಿವರ್ತಕಕ್ಕೆ ಕಕ್ಷಿದಾರರ ಕಾಗದ ಹಾಕಲೇಬೇಡಿ, ಅದು ಯಾರ ಸರ್ವರ್‌ಗೆ ಹೋಗುತ್ತದೋ ಯಾರು ಬಲ್ಲರು.

ಕಾಗದದಲ್ಲಷ್ಟೇ ಇರುವುದನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಓಸಿಆರ್‌ಗೆ ಕೊಡಬಹುದು. ಮೊಹರು ಬಿದ್ದ ಕಡೆ ಒತ್ತಕ್ಷರಗಳು ಹಾಳಾಗುತ್ತವೆ, ೬ ಮತ್ತು ೯ ಅದಲುಬದಲಾಗುತ್ತವೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಭೂಸ್ವಾಧೀನದ ಪರಿಹಾರದ ಕಟ್ಟಿನಲ್ಲಿ ಒಂದು ಅಂಕಿ ತಪ್ಪಿದರೆ ಜಮೀನೇ ಬೇರೆ. ಆದ್ದರಿಂದ ಸರ್ವೆ ನಂಬರ್, ಎಕರೆ–ಗುಂಟೆ, ದಿನಾಂಕಗಳನ್ನು ಗುಮಾಸ್ತರು ಕಣ್ಣಿನಿಂದಲೇ ತಾಳೆ ನೋಡಬೇಕು.

ಕಡತಗಳನ್ನು ಜಿಲ್ಲೆಯ ಹೆಸರಿನ ಮೇಲೆ ವಿಂಗಡಿಸುವುದೂ ನಮ್ಮ ಕಡೆ ನಡೆಯದು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುಂಚಿನ ಕ್ರಯಪತ್ರಗಳಲ್ಲಿ ಹರಿಹರ, ಜಗಳೂರು ಇರುವುದು ಚಿತ್ರದುರ್ಗ ಜಿಲ್ಲೆಯಲ್ಲಿ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿ. ಹರಪನಹಳ್ಳಿಯಂತೂ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ! ಗ್ರಾಮ, ಹೋಬಳಿ, ಸರ್ವೆ ನಂಬರ್ ಹಿಡಿದು ವಿಂಗಡಿಸಿ. ಚಾಲ್ತಿ ಕೇಸುಗಳ ಫೋಲ್ಡರ್‌ಗೆ ಪ್ರತಿ ಪ್ರಕರಣಕ್ಕೂ ಇರುವ 16 ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನೇ ಹೆಸರಾಗಿಡಿ. ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ವಾಯಿದೆ ನೋಡಲೂ ಅದೇ ಸಾಕು.

ಡ್ರಾಫ್ಟ್ ಮಾದರಿಗಳಲ್ಲಿ ಇನ್ನೊಂದು ಅಪಾಯವಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಾದ ಸಿಆರ್‌ಪಿಸಿಯಲ್ಲಿ ನಿರೀಕ್ಷಣಾ ಜಾಮೀನಿಗೆ ಕಲಂ 438, ಪ್ರಕರಣ ರದ್ದುಕೋರಿ ಹೈಕೋರ್ಟ್‌ಗೆ ಹೋಗಲು 482. 2024ರ ಜುಲೈ 1ರಿಂದ ಅದರ ಬದಲಿಗೆ ಜಾರಿಯಾದ ಬಿಎನ್‌ಎಸ್‌ಎಸ್‌ನಲ್ಲಿ ನಿರೀಕ್ಷಣಾ ಜಾಮೀನೇ 482, ರದ್ದತಿ 528. ಎಲ್ಲ ಮಾದರಿಗಳಲ್ಲಿ ಮೊದಲು 438 ಅನ್ನು 482 ಮಾಡಿ, ಆಮೇಲೆ 482 ಅನ್ನು 528 ಮಾಡಿದರೆ ಜಾಮೀನು ಅರ್ಜಿಗಳೂ 528ಕ್ಕೆ ಹೋಗುತ್ತವೆ. ಮೊದಲು 482 ಅನ್ನು ಬದಲಿಸಿ, ಆಮೇಲೆ 438ಕ್ಕೆ ಕೈ ಹಾಕಬೇಕು. ಇನ್ನು, ಜುಲೈ 1ಕ್ಕೆ ಮುಂಚೆ ನಡೆದ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯಾದ ಐಪಿಸಿಯೇ ಅನ್ವಯ. ಕೃತ್ಯದ ದಿನಾಂಕ ಕೇಳದೆ ಕಲಂ ತುಂಬುವ ತಂತ್ರಾಂಶಕ್ಕೆ ದುಡ್ಡು ಕೊಡುವುದು ದಂಡ.

ಎಐ ಸೂಚಿಸಿದ ತೀರ್ಪುಗಳನ್ನು ಸುಪ್ರೀಂ ಕೋರ್ಟ್‌ನ ತೀರ್ಪುಗಳ ಜಾಲತಾಣ ಇ-ಎಸ್‌ಸಿಆರ್‌ನಲ್ಲಿ ತೆರೆದು ಓದದೆ ಉಲ್ಲೇಖಿಸಬಾರದು. ಎಐ ಕಲ್ಪಿಸಿದ, ಇಲ್ಲದ ತೀರ್ಪುಗಳನ್ನು ಹಾಜರುಪಡಿಸಿದ್ದಕ್ಕೆ 2023ರಲ್ಲಿ ನ್ಯೂಯಾರ್ಕ್‌ನ ವಕೀಲರಿಗೆ 5,000 ಡಾಲರ್ ದಂಡ ಬಿದ್ದಿದೆ.

ಒಬ್ಬ ಸೀನಿಯರ್, ಇಬ್ಬರು ಜೂನಿಯರ್ ಇರುವ ಕಚೇರಿಗೆ ಇಷ್ಟೆಲ್ಲ ಒಂಟಿಯಾಗಿ ಮಾಡುವುದು ಹೊರೆ. ಎರಡೂ ಜಿಲ್ಲೆಗಳ ವಕೀಲರ ಸಂಘಗಳು ತಮ್ಮ ಗ್ರಂಥಾಲಯದಲ್ಲಿ ಇಂಟರ್‌ನೆಟ್ ಇಲ್ಲದ ಒಂದು ಕಂಪ್ಯೂಟರ್‌ನಲ್ಲಿ ಪರಿವರ್ತಕ ಹಾಕಿಸಿ, ಕಕ್ಷಿದಾರರ ಹೆಸರು ತೆಗೆದ ಕನ್ನಡ ಮಾದರಿ ಡ್ರಾಫ್ಟ್‌ಗಳನ್ನು ಸದಸ್ಯರಿಗೆ ಒದಗಿಸಬೇಕೆಂದು ಕೋರುತ್ತೇವೆ.

– ಕೆಲವು ವಕೀಲರು, ಚಿತ್ರದುರ್ಗ