ದೇವಾಲಯದ ಬಲಿ ಲಂಚವೇ?

ಮಾನ್ಯ ಸಂಪಾದಕರೇ,

ಮುಂಬಯಿಯ ಬಾಂದ್ರಾದಲ್ಲಿರುವ ಮೌಂಟ್ ಮೇರಿ ಚರ್ಚಿನ ಜಾತ್ರೆಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದ ಪತ್ರ ನೋಡಿದೆ. ಜನ ಅಲ್ಲಿ ಮೇಣದ ಕೈ, ಕಾಲು, ಮನೆ ಕೊಂಡು ಒಪ್ಪಿಸುವುದನ್ನು ಕಂಡು ಅವರಿಗೆ ಒಂದು ಪ್ರಶ್ನೆ ಹುಟ್ಟಿದೆ. ಬೈಬಲಿನಲ್ಲೂ ಕುರಿ, ಹೋರಿ ಕಡಿದು ದೇವರನ್ನು ಒಲಿಸಿಕೊಳ್ಳುವ ಮಾತಿದೆ, ಇದೆಲ್ಲ ದೇವರಿಗೆ ಲಂಚ ಕೊಟ್ಟ ಹಾಗೆ ಅಲ್ವಾ ಎಂದು ಕೇಳಿದ್ದಾರೆ.

ಕೇಳಬೇಕಾದ ಪ್ರಶ್ನೆಯೇ. ನಾನು ಡೊಂಬಿವಲಿಯವಳು. ನಮ್ಮ ಕನ್ನಡ ಕ್ರೈಸ್ತ ಸಭೆಯ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಮಕ್ಕಳೂ ಇದನ್ನೇ ಕೇಳುತ್ತಾರೆ. ಮೇಣದ ಹರಕೆ ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇಲ್ಲ, ಅದರ ಬಗ್ಗೆ ಕೆಥೊಲಿಕ್ ಬಂಧುಗಳು ಹೇಳುವುದೇ ಸರಿ. ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಬಲಿಯ ಬಗ್ಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ.

ಹೀಬ್ರೂ ಭಾಷೆಯಲ್ಲಿ ಇಂಥ ಕಾಣಿಕೆಗೆ 'ಕೊರ್ಬಾನ್' ಎನ್ನುತ್ತಾರೆ. ಆ ಮಾತು ಹುಟ್ಟಿದ್ದು 'ಹತ್ತಿರ ಬರುವುದು' ಎಂಬ ಅರ್ಥದ ಧಾತುವಿನಿಂದ. ಲಂಚ ಕೊಡುವವನಿಗೆ ಕೆಲಸ ಆದರೆ ಸಾಕು, ಸಾಹೇಬರ ಸಹವಾಸ ಬೇಕಿಲ್ಲ. ಬಲಿ ತಂದವನಿಗೆ ಬೇಕಾಗಿದ್ದದ್ದು ಆ ಸಹವಾಸವೇ. ಅದರಲ್ಲಿರುವ ಯಾಜಕಕಾಂಡ ಎಂಬ ಪುಸ್ತಕದ ಮೊದಲ ಅಧ್ಯಾಯ ನೋಡಿ. ಸರ್ವಾಂಗಹೋಮಕ್ಕೆ, ಎಂದರೆ ಪೂರ್ತಿ ಸುಡುವ ಬಲಿಗೆ, ಪಶು ತಂದವನು ಅದರ ತಲೆಯ ಮೇಲೆ ತನ್ನ ಕೈಯನ್ನೇ ಇಡಬೇಕು. ಕಡಿಯುವವನೂ ಅವನೇ. ಬೆಚ್ಚಗಿನ ಜೀವವೊಂದು ಕೈಯಡಿಯಲ್ಲಿ ಮಿಡಿಯುವಾಗ, ತಾನು ಮಾಡಿದ ತಪ್ಪು ಎಷ್ಟು ಭಾರದ್ದು ಎಂದು ಅವನಿಗೆ ತಿಳಿಯದೆ ಇರುತ್ತದೆಯೇ?

ಕುರಿ ತರಲು ಆಗದ ಬಡವ ಎರಡು ಪಾರಿವಾಳದ ಮರಿ ತರಬಹುದಿತ್ತು. ಅದೂ ಆಗದಿದ್ದರೆ ಒಂದಿಷ್ಟು ಗೋಧಿಹಿಟ್ಟು. ರಕ್ತವೇ ಇಲ್ಲದ ಹಿಟ್ಟು! ಬೈಬಲಿನ ದೇವರಿಗೆ ರಕ್ತದ ದಾಹ ಎನ್ನುವವರು ಇದನ್ನು ದಯವಿಟ್ಟು ಗಮನಿಸಬೇಕು. ಮಗು ಯೇಸುವನ್ನು ಎತ್ತಿಕೊಂಡು ಯೆರೂಸಲೇಮಿಗೆ ಹೋದಾಗ ಮರಿಯಳ ಮನೆಯವರು ಒಪ್ಪಿಸಿದ್ದೂ ಈ ಬಡವರ ಕಾಣಿಕೆಯನ್ನೇ.

ನನ್ನನ್ನು ತುಂಬ ಕಾಡಿದ್ದು ಯಾಜಕಕಾಂಡದ 6ನೇ ಅಧ್ಯಾಯ. ನೆರೆಯವನಿಗೆ ಮೋಸ ಮಾಡಿದವನು ಸುಮ್ನೆ ಒಂದು ಟಗರು ಹೊಡೆದುಕೊಂಡು ಬಂದರೆ ಆಗದು. ಮೊದಲು ಎತ್ತಿಕೊಂಡದ್ದನ್ನು ಪೂರ್ತಿ ಹಿಂದಕ್ಕೆ ಕೊಡಬೇಕು. ಅದರ ಮೇಲೆ ಐದನೇ ಒಂದು ಪಾಲು ಸೇರಿಸಬೇಕು. ಯೇಸು ಬೆಟ್ಟದ ಮೇಲೆ ಹೇಳಿದ್ದೂ ಇದೇ ದಾರಿಯ ಮಾತು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ, ಮೊದಲು ಸಹೋದರನ ಜೊತೆ ಒಂದಾಗು ಎಂದನು. ತಂದೆ ತಾಯಿಗೆ ಸಲ್ಲಬೇಕಾದದ್ದನ್ನು 'ಅದು ಕೊರ್ಬಾನ್, ದೇವರಿಗೆ ಕೊಟ್ಟಾಯಿತು' ಎಂದು ಜಾರಿಕೊಳ್ಳುವವರನ್ನು ಆತನು ಗದರಿಸಿದ್ದು ಮಾರ್ಕನ ಸುವಾರ್ತೆಯಲ್ಲಿದೆ.

ಅಮ್ಮನ ಕೊನೆಯ ದಿನಗಳ ಆಸ್ಪತ್ರೆ ಖರ್ಚನ್ನೆಲ್ಲ ವಸಯಿಯಲ್ಲಿರುವ ಅಕ್ಕನೇ ಹಾಕಿದ್ದಳು. ನನ್ನ ಪಾಲು ಕೊಡುತ್ತೇನೆ ಎಂದವಳು ನಾನು ಕೊಡಲಿಲ್ಲ. ಮಾತಿಗೆ ಮಾತು ಬೆಳೆಯಿತು, ಆಮೇಲೆ ಮಾತೇ ನಿಂತಿತು. ಅದೇ ವರ್ಷ ಸಭೆಯ ಸುಗ್ಗಿ ಹಬ್ಬದಲ್ಲಿ ನಾನು ಎಂದಿಗಿಂತ ಜಾಸ್ತಿ ಕಾಣಿಕೆ ಹಾಕಿದೆ. ಮುಂದಿನ ಭಾನುವಾರ ಮಕ್ಕಳಿಗೆ ಈ 6ನೇ ಅಧ್ಯಾಯದ ಪಾಠ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಮರುದಿನ ದಾದರಿನಲ್ಲಿ ಗಾಡಿ ಬದಲಿಸಿ ವಸಯಿಗೆ ಹೋದೆ. ಐದನೇ ಒಂದು ಪಾಲು ಸೇರಿಸಿಯೇ ಹಣ ಕೊಟ್ಟೆ. ಅಕ್ಕ ಎಣಿಸಿ ನೋಡಿ, ಹೆಚ್ಚಿಗೆ ಇದ್ದದ್ದನ್ನು ನನ್ನ ಕೈಗೇ ವಾಪಸು ಇಟ್ಟಳು. "ಊಟ ಮಾಡಿ ಹೋಗು" ಎಂದಳು. ಸಮಾಧಾನಯಜ್ಞ ಎಂಬ ಬಲಿಯ ಮಾಂಸವನ್ನು ತಂದವರೂ ಕೂತು ಉಣ್ಣುತ್ತಿದ್ದರು ಎಂದು ಎಷ್ಟು ಸಾರಿ ಪಾಠ ಹೇಳಿದ್ದೆನೋ! ಅದು ನನಗೆ ಅರ್ಥವಾದದ್ದು ಆ ದಿನ.

ಕ್ರೈಸ್ತರು ಈಗ ಬಲಿ ಕೊಡುವುದಿಲ್ಲ ಯಾಕೆ ಎಂದೂ ಆ ಪತ್ರ ಬರೆದವರು ಕೇಳಿದ್ದಾರೆ. ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದರು. ಯೆಹೂದ್ಯರ ಬಲಿಗಳು ಅಲ್ಲಿಗೆ ನಿಂತವು. ನಮ್ಮ ಕಾರಣ ಬೇರೆ. ಹೋರಿ ಹೋತಗಳ ರಕ್ತ ಪಾಪವನ್ನು ತೆಗೆಯಲಾರದು, ಅವೆಲ್ಲ ಮುಂದೆ ಬರುವುದರ ನೆರಳು ಎಂದು ಹೊಸ ಒಡಂಬಡಿಕೆಯಲ್ಲಿರುವ 'ಇಬ್ರಿಯರಿಗೆ ಬರೆದ ಪತ್ರಿಕೆ' ಹೇಳುತ್ತದೆ. ಮಹಾಯಾಜಕನೊಬ್ಬನೇ ವರ್ಷದಲ್ಲಿ ಒಂದೇ ದಿನ, ಪಶುವಿನ ರಕ್ತ ಹಿಡಿದು, ದೇವಾಲಯದ ಅತಿ ಪವಿತ್ರ ಸ್ಥಳವನ್ನು ಮರೆಮಾಡಿದ ತೆರೆಯ ಆಚೆಗೆ ಹೋಗುತ್ತಿದ್ದ. ಯೇಸು ತನ್ನ ಜೀವವನ್ನೇ, ಎಲ್ಲರಿಗಾಗಿ, ಒಂದೇ ಸಾರಿ ಒಪ್ಪಿಸಿದನು ಎಂಬುದು ನಮ್ಮ ನಂಬಿಕೆ. ಲಂಚ ಯಾವಾಗಲೂ ಕೆಳಗಿನವನು ಮೇಲಿನವನಿಗೆ ಕೊಡುವಂಥದ್ದು. ಇಲ್ಲಿ ದೇವರೇ ನಮಗಾಗಿ ಕೊಟ್ಟನು. ಯೇಸು ಪ್ರಾಣ ಬಿಟ್ಟಾಗ ದೇವಾಲಯದ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು ಎಂದು ಮತ್ತಾಯ ಬರೆದಿದ್ದಾನೆ. ಅದನ್ನು ಓದುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹಾಗೆಂದು ನಮಗೆ ಕೊಡುವುದು ಏನೂ ಉಳಿದಿಲ್ಲ ಎಂದಲ್ಲ. ದೇವರನ್ನು ಸ್ತುತಿಸುವುದು, ಒಳ್ಳೆಯದು ಮಾಡುವುದು, ಇರುವುದನ್ನು ಹಂಚಿಕೊಳ್ಳುವುದು, ಇವೇ ದೇವರು ಮೆಚ್ಚುವ ಯಜ್ಞ ಎಂದು ಇಬ್ರಿಯರಿಗೆ ಬರೆದ ಅದೇ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿದೆ.

ಆ ಪತ್ರ ಬರೆದವರು ಒಂದು ಭಾನುವಾರ ನಮ್ಮ ತರಗತಿಗೆ ಬಂದರೆ ನನಗೆ ನಿಜವಾಗಿಯೂ ಸಂತೋಷ. ತಮ್ಮ ಪ್ರಶ್ನೆಯನ್ನು ಮಕ್ಕಳ ಮುಂದೆ ಅವರೇ ಇಡಲಿ. ಬರುವ ತಿಂಗಳು ಮತ್ತೆ ಯಾಜಕಕಾಂಡದ ಪಾಠವೇ ಇದೆ.

— ಓದುಗಳು, ಡೊಂಬಿವಲಿ ಪೂರ್ವ