ಗೋರಿಯಿಂದ ಹೊರಗೆ ಓಡಿದವನು

ದಾವಣಗೆರೆ

ಪ್ರೀತಿಯ ತಂಗಿ,

ಚಿತ್ರದುರ್ಗದಿಂದ ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ರೋಮಿಯೋ ಮತ್ತು ಜೂಲಿಯೆಟ್ ಸಾವಿಗೆ ವಿಧಿಯೇ ಕಾರಣ ಅಂತ ಮುಗಿಸಿದ್ದೀಯ. ಭಾಷೆ ಚೆನ್ನಾಗಿದೆ. ಆದರೆ ‘ವಿಧಿ’ ಅಂದ ಗಳಿಗೆಯಿಂದ ನೀನು ನಾಟಕವನ್ನು ನೋಡುವುದನ್ನೇ ಬಿಟ್ಟೆ. ಅದು ನನಗೆ ಬೇಸರ ತಂದಿತು.

ನಾವು ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿನವರು. ಖಳ ಯಾರು ಅಂತ ಅವನು ಬಾಯಿ ತೆರೆಯುವ ಮೊದಲೇ ಹಾರ್ಮೋನಿಯಂ ಹೇಳಿಬಿಡುತ್ತಿತ್ತು. ಆ ರೂಢಿಯಲ್ಲೇ ಬೆಳೆದ ನಾನು ಷೇಕ್ಸ್‌ಪಿಯರನ ಈ ನಾಟಕವನ್ನು ಮೊದಲು ಓದಿದಾಗ ಜೂಲಿಯೆಟ್‌ಳ ಜಗಳಗಂಟ ಸೋದರಸಂಬಂಧಿ ಟಿಬಾಲ್ಟ್‌ನನ್ನೇ ಖಳ ಅಂತ ಹಿಡಿದುಕೊಂಡೆ. ಅವನೋ ಮೂರನೆಯ ಅಂಕದ ಮೊದಲ ದೃಶ್ಯದಲ್ಲೇ ಸಾಯುತ್ತಾನೆ. ಆಮೇಲೂ ಅರ್ಧ ನಾಟಕ ಉಳಿದಿರುತ್ತದೆ, ಖಳನೇ ಇಲ್ಲದೆ!

ಜೂಲಿಯೆಟ್‌ಳ ಅಪ್ಪ ಕ್ಯಾಪುಲೆಟ್‌ನನ್ನು ನೀನು ಬರೀ ಸಿಡುಕ ಅಂದಿದ್ದೀಯ. ಮಗಳನ್ನು ಬೀದಿಗೆ ಹಾಕುತ್ತೇನೆ ಅಂದವನು ಅವನೇ, ಒಪ್ಪಿದೆ. ಆದರೆ ಅನಾಹುತವಾಗುವುದು ಆ ಸಿಟ್ಟಿನಿಂದಷ್ಟೇ ಅಲ್ಲ. ಜೂಲಿಯೆಟ್ ಬಂದು ಮಂಡಿಯೂರಿ ಕ್ಷಮೆ ಕೇಳಿದಾಗ ಅಪ್ಪನ ಎದೆ ಹಗುರಾಗುತ್ತದೆ. ಆ ಹಿಗ್ಗಿನಲ್ಲೇ, ತಾನು ಗೊತ್ತುಮಾಡಿದ ವರ ಪ್ಯಾರಿಸ್ ಜೊತೆಗಿನ ಗುರುವಾರದ ಮದುವೆಯನ್ನು ಬುಧವಾರಕ್ಕೆ ಎಳೆಯುತ್ತಾನೆ. ಆ ಮದುವೆ ತಪ್ಪಿಸಿಕೊಳ್ಳಲು ಇಟ್ಟುಕೊಂಡಿದ್ದ, ಸತ್ತಂತೆ ಮಲಗಿಸುವ ಮದ್ದನ್ನು ಅವಳು ಒಂದು ದಿನ ಮೊದಲೇ ಕುಡಿಯಬೇಕಾಗುತ್ತದೆ. ಗಡೀಪಾರಾಗಿ ಮಾಂಟುವಾ ಊರಿನಲ್ಲಿದ್ದ ರೋಮಿಯೋಗೆ ಈ ಉಪಾಯ ತಿಳಿಸುವ ಪತ್ರ ಮುಟ್ಟಿಸಲು ಇದ್ದ ಒಂದು ದಿನ ಹೀಗೆ ಕೈತಪ್ಪುತ್ತದೆ. ಜವಳಿ ತೆಗೆಯಲು ಮಂಡಿಪೇಟೆಗೆ ಹೊರಟ ಅಪ್ಪಂದಿರ ಮುಖದಲ್ಲಿ ಈ ಹಿಗ್ಗನ್ನು ನೀನೂ ಕಂಡಿರುತ್ತೀಯ. ನಿನ್ನ ಲೇಖನಕ್ಕೆ ಬೇಕಿದ್ದದ್ದು ಆ ಮುಖ.

ಪತ್ರ ಒಯ್ಯಬೇಕಿದ್ದ ಪಾದ್ರಿ ಜಾನ್‌ನನ್ನು ಪ್ಲೇಗಿನ ಶಂಕೆಯಿಂದ ಒಂದು ಮನೆಯೊಳಗೆ ಕೂಡಿಹಾಕಿದರು. ಬೇಕಾದರೆ ಇದೊಂದನ್ನು ವಿಧಿ ಅನ್ನು.

ಇನ್ನು ಪಾದ್ರಿ ಲಾರೆನ್ಸ್. ಗುಟ್ಟಾಗಿ ಮದುವೆ ಮಾಡಿಸಿದವನು, ನಲವತ್ತೆರಡು ಗಂಟೆ ಸತ್ತಂತೆ ಮಲಗಿಸುವ ಆ ಮದ್ದು ಕೊಟ್ಟವನು. ಎರಡು ಮನೆಗಳ ಹಗೆ ಆರಲಿ ಅಂತಲೇ ಇದಕ್ಕೆಲ್ಲ ಕೈಹಾಕಿದ. ಅದಕ್ಕಾಗಿ ನಾನು ಅವನನ್ನು ದೂರುವುದಿಲ್ಲ. ಆದರೆ ಕೊನೆಗೆ ಗೋರಿಯೊಳಗೆ ಹುಡುಗಿ ಕಣ್ಣು ಬಿಟ್ಟಿದ್ದಾಳೆ, ಪಕ್ಕದಲ್ಲಿ ಗಂಡನ ಹೆಣ. ಹೊರಗೆ ಕಾವಲುಗಾರರ ಸದ್ದು. ‘ಇನ್ನು ನಿಲ್ಲಲಾರೆ’ ಅಂದು ಅವನು ಹೊರಟುಬಿಡುತ್ತಾನೆ. ಅವಳಿಗಿನ್ನೂ ಹದಿನಾಲ್ಕು ತುಂಬಿಲ್ಲ. ಅವಳ ಗುಟ್ಟು ಬಲ್ಲ ಇನ್ನೊಬ್ಬಳು ದಾದಿ. ಅವಳೋ ಪ್ಯಾರಿಸ್‌ನನ್ನೇ ಮದುವೆಯಾಗು ಅಂದು ಮೊದಲೇ ಕೈಬಿಟ್ಟಿದ್ದಳು. ಉಳಿದಿದ್ದವನು ಇವನೊಬ್ಬನೇ.

ನನ್ನ ಮಟ್ಟಿಗೆ ಅತಿ ದೊಡ್ಡ ತಪ್ಪು ಅಲ್ಲಿದೆ. ರೋಮಿಯೋನ ಸಾವನ್ನು ಯಾರಾದರೂ ತಡೆಯಬಹುದಿತ್ತೋ ಏನೋ, ವಾದಿಸೋಣ. ಜೂಲಿಯೆಟ್‌ಳ ಸಾವನ್ನು ಅವನು ಅಲ್ಲೇ ನಿಂತಿದ್ದರೆ ತಡೆಯಬಹುದಿತ್ತು. ಎಲ್ಲ ಕೇಳಿದ ಮೇಲೆ ಊರನ್ನಾಳುವ ಪ್ರಿನ್ಸ್ ಲಾರೆನ್ಸ್‌ಗೆ, ನಿನ್ನನ್ನು ಸಾಧು ಎಂದೇ ಬಲ್ಲೆವು ಅನ್ನುತ್ತಾನೆ. ಆ ಮಾತು ಪ್ರತಿ ಸಲವೂ ನನ್ನನ್ನು ಚುಚ್ಚುತ್ತದೆ. ಹಗೆಯನ್ನು ಕಂಡೂ ಕಾಣದಂತಿದ್ದೆ ಅಂತ ಅದೇ ಪ್ರಿನ್ಸ್ ತನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತಾನೆ, ಅಷ್ಟರ ಮಟ್ಟಿಗೆ ಅವನು ಮೇಲು.

ನನ್ನ ತೀರ್ಪನ್ನೇ ನೀನು ಬರೆಯಬೇಕಾಗಿಲ್ಲ. ದಾದಿಯೇ ಹೊಣೆ ಅನ್ನಿಸಿದರೆ ದಾದಿಯನ್ನೇ ಬರೆ. ಆದರೆ ಯಾವ ದೃಶ್ಯದಲ್ಲಿ, ಯಾವ ಮಾತಿನಲ್ಲಿ ಅವಳ ಕೈ ಜಾರಿತು ಅಂತ ಬೆರಳಿಟ್ಟು ತೋರಿಸು. ಕೊನೆಯ ಪುಟವನ್ನು ಹರಿದು ಹಾಕು. ಲಾರೆನ್ಸ್ ಹೋದ ಮೇಲೆ ಜೂಲಿಯೆಟ್ ಆಡುವ ಮಾತುಗಳನ್ನು ಗಟ್ಟಿಯಾಗಿ ಓದು. ಹತ್ತು ಸಾಲಿನ ಆಸುಪಾಸು, ಅಷ್ಟೇ. ಅಷ್ಟು ಹೊತ್ತು ಅವಳು ಒಬ್ಬಳೇ ಇದ್ದಳು. ಅಲ್ಲಿಂದ ಶುರುಮಾಡಿ ಮತ್ತೆ ಬರೆದು ಕಳಿಸು.

ನಿನ್ನ ಅಣ್ಣ