‘ನೀನೇನು ಮಾಡಿದೆ?’

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಮೂರು ಸಲ ಓದಿದೆ. ಮಗುವಿನ ಮುಂದಿನ ಹಲ್ಲು ಬಿದ್ದದ್ದು, ಹೊಸ ಮನೆಯ ಬಾಲ್ಕನಿ, ಎಲ್ಲಾ ಓದಿ ಖುಷಿಯಾಯಿತು. ಆದರೆ ನಡುವೆ ಒಂದು ಸಾಲು ಬರೆದಿದ್ದೀಯಲ್ಲ, “ನನ್ನ ಮಗಳಲ್ಲೇ ಏನೋ ಕಮ್ಮಿ ಇದೆಯೇನೋ ಅನ್ನಿಸುತ್ತೆ ದೊಡ್ಡಮ್ಮ” ಅಂತ. ರಾತ್ರಿಯೆಲ್ಲ ಅದೇ ಕೊರೀತಾ ಇತ್ತು. ಬೆಳಿಗ್ಗೆ ಬ್ಯೂಗಲ್ ರಾಕ್ ಕಡೆ ವಾಕಿಂಗ್ ಹೊರಟವಳು ಅರ್ಧಕ್ಕೇ ವಾಪಸ್ ಬಂದು ಬರೆಯೋಕೆ ಕೂತೆ.

ಮೊದಲು ಶಾಲೆಯಲ್ಲಿ ನಿನ್ನ ಮಗಳನ್ನು ಸೇರಿಸಿಕೊಳ್ಳದ ಆ ಮೂವರು ಹುಡುಗಿಯರ ಯೂನಿಕಾರ್ನ್ ಗ್ಯಾಂಗಿನ ಮಾತು. ಯೂನಿಕಾರ್ನ್ ಚಿತ್ರದ ನೀರಿನ ಬಾಟ್ಲಿ ಇದ್ದವರಿಗೆ ಮಾತ್ರ ಪಕ್ಕದಲ್ಲಿ ಜಾಗ ಅಂದರು. ನೀನು ಶನಿವಾರ ಅಂಗಡಿ ಅಂಗಡಿ ಸುತ್ತಿ ಬಾಟ್ಲಿ ತಂದೆ. ಸೋಮವಾರ ಬಾಟ್ಲಿ ಸಾಲದು, ಕ್ಲಿಪ್ಪೂ ಬೇಕು ಅಂದರು. ನೀನು ಇದನ್ನು ಬೇಜಾರಿನಿಂದ ಬರೆದಿದ್ದೀಯ, ನಾನು ಓದುವಾಗ ನನಗೆ ಸ್ವಲ್ಪ ಸಮಾಧಾನವೇ ಆಯಿತು ಕಣೇ. ಕೊರತೆ ಮಗುವಿನಲ್ಲಿ ಇದ್ದಿದ್ದರೆ ಬಾಟ್ಲಿ ತಂದ ದಿನವೇ ಅದು ತುಂಬಬೇಕಿತ್ತು. ಆ ಮೂವರಿಗೆ ಬೇಕಾಗಿದ್ದು ಬಾಟ್ಲಿಯೂ ಅಲ್ಲ, ಕ್ಲಿಪ್ಪೂ ಅಲ್ಲ. ‘ನಾವು’ ಅನ್ನೋಕೆ ಒಂದು ಗೆರೆ ಬೇಕು, ಗೆರೆಯ ಆಚೆ ಯಾರಾದರೂ ಒಬ್ಬರು ಬೇಕು. ಆರು ವರ್ಷದ ಮಕ್ಕಳಿಗೆ ‘ನಾವು’ ಅನ್ನೋದು ಹೊಸದಾಗಿ ಸಿಕ್ಕ ಮಾತು. ಅದನ್ನು ಎಲ್ಲಿ ನಿಲ್ಲಿಸಬೇಕು ಅಂತ ಅವಕ್ಕೆ ಇನ್ನೂ ತಿಳಿದಿರೋದಿಲ್ಲ.

ಹಾಗಂತ ‘ಮಕ್ಕಳಾಟ, ಬಿಡು’ ಅಂತ ನಾನು ಹೇಳಲ್ಲ. ಮೂವತ್ತೊಂದು ವರ್ಷ ಪ್ರೈಮರಿ ಮಕ್ಕಳ ಮುಂದೆ ನಿಂತವಳು, ಆ ಮಾತನ್ನು ಲೆಕ್ಕವಿಲ್ಲದಷ್ಟು ಸಲ ಹೇಳಿದ್ದೀನಿ. ಇನ್ನೊಂದು ಮಾತನ್ನು ಅದಕ್ಕಿಂತ ಹೆಚ್ಚು ಹೇಳಿದ್ದೀನಿ. ಅದನ್ನು ನಿನಗೂ ಹೇಳಿದ್ದೆ. ನಿನಗೆ ನೆನಪಿದೆಯೋ ಇಲ್ಲವೋ.

ನೀನು ಹನುಮಂತನಗರದ ವಠಾರದಲ್ಲಿ ನಮ್ಮ ಜೊತೆ ಇದ್ದ ಆ ಬೇಸಿಗೆ. ನಿನಗೆ ಏಳು ವರ್ಷ. ನಾನು ತಾರಸಿ ಮೇಲೆ ಸಂಡಿಗೆ ಇಡ್ತಿದ್ದೆ. ಕೆಳಗೆ ನಾಲ್ಕು ಹುಡುಗಿಯರು ಇಟ್ಟಿಗೆ ಚೂರಿನಲ್ಲಿ ಮನೆ ಬರೆದು ಕುಂಟೆಬಿಲ್ಲೆ ಆಡ್ತಿದ್ದರು. ನೀನು ಮೆಟ್ಟಿಲು ಹತ್ತಿ ಬಂದು, “ನಾವು ನಾಲ್ಕೇ ಜನ ಅಂದ್ರು” ಅಂದೆ. ನಾನು ತಲೆ ಎತ್ತದೆ ಕೇಳಿದೆ: “ನೀನೇನು ಮಾಡಿದೆ?”

ಬೈಯೋಕೆ ಕೇಳಿದ್ದಲ್ಲ. ದೂರು ತಂದ ಮಗುವನ್ನು ಟೀಚರುಗಳು ಕೇಳೋದೇ ಹಾಗೆ, ಬಾಯಿಗೆ ಬಂದುಬಿಡುತ್ತೆ. ನೀನು ಸುಮಾರು ಹೊತ್ತು ಯೋಚನೆ ಮಾಡಿ, “ನಾನು ನಿಧಾನ ಕುಂಟ್ತೀನಿ ಅನ್ಸುತ್ತೆ” ಅಂದೆ. ಸಂಜೆ ಬಿಸಿಲು ಇಳಿದ ಮೇಲೆ ತಾರಸಿಯ ಈ ತುದಿಯಿಂದ ಆ ತುದಿಗೆ ಒಬ್ಬಳೇ ಕುಂಟ್ತಾ ಇದ್ದೆ. ಅದನ್ನು ನೋಡಿ ನನಗೆ ಹೆಮ್ಮೆ! ಎಷ್ಟು ಛಲದ ಹುಡುಗಿ ಅಂತ ನಿನ್ನ ಅಮ್ಮನಿಗೆ ಕಾಗದ ಬೇರೆ ಬರೆದೆ.

ನಾನು ಕೇಳಿದೆ ಅಂತ ನೀನು ಒಂದು ತಪ್ಪು ಹುಡುಕಿ ನನ್ನ ಕೈಗೆ ಕೊಟ್ಟೆ. ಈಗ ಅದೇ ಹುಡುಕಾಟವನ್ನು ಮಗಳ ಮೇಲೆ ನಡೆಸ್ತಿದ್ದೀಯ. ಆ ಸಾಲು ಓದಿದಾಗ ನನಗೆ ಕೇಳಿಸಿದ್ದು ನನ್ನದೇ ದನಿ, ಪುಟ್ಟಿ.

ನಿಧಾನ ಕುಂಟಿದ್ದಕ್ಕಲ್ಲ ಅವರು ಬೇಡ ಅಂದಿದ್ದು. ಆ ವಠಾರದ ಪುಟಾಣಿಗಳನ್ನೆಲ್ಲ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಸೇರಿಸಿಕೊಳ್ತಿದ್ದವರು ಅವರೇ. ಔಟ್ ಆದರೂ ಔಟ್ ಇಲ್ಲ, ಸುಮ್ಮನೆ ಜೊತೆಯಲ್ಲಿ ಓಡಾಡಿಕೊಂಡಿರಬಹುದು. ಅಷ್ಟು ದೊಡ್ಡ ಮನಸ್ಸಿನ ಮಕ್ಕಳೇ ಹದಿನೈದು ದಿನಕ್ಕೆ ಬಂದ ನಿನ್ನನ್ನು ಹೊರಗಿಟ್ಟರು. ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತೆ.

ರಿಟೈರ್ ಆದ ಮೇಲೆ ಓದಿದ್ದು: ವಿಲಿಯಂ ಕೊರ್ಸಾರೊ ಅನ್ನೋ ಸಮಾಜಶಾಸ್ತ್ರಜ್ಞರು ಅಮೆರಿಕದಲ್ಲೂ ಇಟಲಿಯಲ್ಲೂ ಶಿಶುವಿಹಾರದ ಮಕ್ಕಳ ಮಧ್ಯೆಯೇ ನೆಲದ ಮೇಲೆ ಕೂತು ವರ್ಷಗಟ್ಟಲೆ ನೋಡಿದರು. ಮಕ್ಕಳ ಆಟ ಬಹಳ ಬೇಗ ಕೆಡುತ್ತೆ, ಇನ್ನೊಬ್ಬರು ಬಂದರೆ ಕಟ್ಟಿಕೊಂಡ ಕಥೆಯೇ ಮುರಿಯುತ್ತೆ, ಅದಕ್ಕೇ ಇದ್ದವರು ಬೇಲಿ ಹಾಕ್ತಾರೆ ಅಂತಾರೆ. ‘ನಾನೂ ಬರಲಾ’ ಅಂತ ಕೇಳಿದ ಮಗುವಿಗೆ ‘ಬೇಡ’ ಅನ್ನೋದು ಸುಲಭ. ಸುತ್ತಮುತ್ತ ಓಡಾಡಿ, ಏನು ಆಡ್ತಿದ್ದಾರೆ ಅಂತ ನೋಡಿ, ಪಕ್ಕದಲ್ಲಿ ಅದನ್ನೇ ಆಡೋಕೆ ಶುರು ಮಾಡಿದ ಮಗು ಎಷ್ಟೋ ಸಲ ಒಳಗೆ ಸೇರಿಕೊಳ್ಳುತ್ತೆ. ಇದನ್ನು ಮಗುವಿಗೆ ಹೇಳಿಕೊಡಬಹುದೇನೋ. ಹೇಳಿಕೊಟ್ಟರೂ ‘ನಿನಗೆ ಬರಲ್ಲ, ಕಲಿ’ ಅನ್ನೋ ಹಾಗೆ ಬೇಡ. ಅಲ್ಲಿಗೆ ಮತ್ತೆ ಅವಳದೇ ತಪ್ಪು ಅಂದ ಹಾಗಾಯಿತು.

ಶಿಕಾಗೋದಲ್ಲಿ ವಿವಿಯನ್ ಪೇಲಿ ಅಂತ ಶಿಶುವಿಹಾರದ ಟೀಚರ್ ಇದ್ದರು. ಹೊರಗುಳಿದ ಮಗುವನ್ನು ತಿದ್ದೋದು ಬಿಟ್ಟು ಅವರು ಇಡೀ ತರಗತಿಗೇ ಒಂದು ನಿಯಮ ತಂದರು: ಆಟಕ್ಕೆ ಸೇರಿಸಿಕೊಳ್ಳಲ್ಲ ಅಂತ ಯಾರೂ ಯಾರಿಗೂ ಹೇಳೋ ಹಾಗಿಲ್ಲ. ಮೊದಲು ದೊಡ್ಡ ತರಗತಿಯ ಮಕ್ಕಳನ್ನೂ ಕೇಳಿದರಂತೆ. ನ್ಯಾಯವೇನೋ ಹೌದು, ನಡೆಯೋದು ಕಷ್ಟ ಅಂದರಂತೆ ಅವರು. ಅದಕ್ಕೇ ಚಿಕ್ಕವರಿಂದಲೇ ಶುರು. 1992ರಲ್ಲೇ ಬರೆದಿಟ್ಟಿದ್ದಾರೆ. ಆಗಲೇ ಓದಿದ್ದರೆ ನಿನ್ನನ್ನು ಆ ಪ್ರಶ್ನೆ ಕೇಳ್ತಿರಲಿಲ್ಲವೋ ಏನೋ.

ಇನ್ನೊಂದು ತಪ್ಪನ್ನೂ ಹೇಳಿಬಿಡ್ತೀನಿ. 2012ರಲ್ಲಿ ಆರ್‌ಟಿಇ ಸೀಟಿನ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಬಡ ಮನೆಯ ಮಕ್ಕಳಿಗೆ ಅಂತ ಇಟ್ಟ ಉಚಿತ ಸೀಟಿನ, ಮಕ್ಕಳು ಮೊದಲ ಸಲ ನಮ್ಮ ಶಾಲೆಗೆ ಬಂದಾಗ ಒಬ್ಬ ಹುಡುಗಿಯ ಪಕ್ಕ ಯಾರೂ ಕೂರ್ತಿರಲಿಲ್ಲ. ಅಯ್ಯೋ ಅನ್ನಿಸಿ ಅವಳನ್ನು ನನ್ನ ಮೇಜಿನ ಪಕ್ಕ ಕೂರಿಸಿಕೊಂಡೆ. ಸೀಮೆಸುಣ್ಣ ತರೋದು, ನೋಟ್‌ಬುಕ್ ಹಂಚೋದು, ಎಲ್ಲಾ ಅವಳ ಕೈಲೇ. ತಿಂಗಳಲ್ಲಿ ಅವಳು ‘ಮಿಸ್ ಹತ್ರ ಕೂರೋಳು’ ಆದಳು. ಮಕ್ಕಳು ಅವಳ ಮುಂದೆ ಮಾತು ನಿಲ್ಲಿಸ್ತಿದ್ದರು. ವರ್ಷ ಪೂರ್ತಿ ನನ್ನನ್ನು ಬಿಟ್ಟು ಅವಳಿಗೆ ಯಾರೂ ಇರಲಿಲ್ಲ. ಆ ಮುಖ ಈಗಲೂ ಕಣ್ಣ ಮುಂದೆ ಬರುತ್ತೆ.

ಅದಕ್ಕೇ ಹೇಳ್ತೀನಿ, ಟೀಚರ್ ಹತ್ತಿರ ಹೋಗು, ಆದರೆ ‘ನನ್ನ ಮಗಳನ್ನು ನೋಡ್ಕೊಳ್ಳಿ’ ಅನ್ನಬೇಡ. ಜೋಡಿ ಮಾಡುವಾಗ ಮಕ್ಕಳನ್ನೇ ಆರಿಸಿಕೊಳ್ಳೋಕೆ ಬಿಡದೆ ಅವರೇ ಮಾಡ್ತಾರಾ, ಊಟದ ಹೊತ್ತಿಗೆ ಜಾಗ ಬದಲಾಯಿಸ್ತಾರಾ ಅಂತ ಕೇಳು. ಅವರ ಕ್ಲಾಸಿನಲ್ಲಿ ನಲವತ್ತು ಮಕ್ಕಳಿರಬಹುದು, ನಿಧಾನವಾಗಿ ಕೇಳು. ಅಮ್ಮಂದಿರ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಬರೆಯಬೇಡ. ವ್ಯಾನ್ ಇಳಿದ ತಕ್ಷಣ ‘ಇವತ್ತು ಯಾರ ಜೊತೆ ಆಡಿದೆ’ ಅಂತ ಕೇಳೋದೂ ಬೇಡ. ನಿನ್ನ ಮುಖ ನೋಡಿಯೇ ಅವಳು ಉತ್ತರ ಹುಡುಕ್ತಾಳೆ, ನೀನು ಹುಡುಕಿದ ಹಾಗೆ. ಬೆಳಿಗ್ಗೆ ಹೊಟ್ಟೆನೋವು ಅಂತ ದಿನಾ ಅಳೋದು, ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರೋದು ವಾರಗಟ್ಟಲೆ ನಡೆದರೆ ಮಾತ್ರ ತಡ ಮಾಡದೆ ಹೇಳು. ಆಗ ಅದು ಗ್ಯಾಂಗಿನ ಆಟ ಅಲ್ಲ, ನಾನೇ ನಿನ್ನ ಜೊತೆ ಶಾಲೆಗೆ ಬರ್ತೀನಿ.

ನಿನ್ನ ಸಂಸಾರದಲ್ಲಿ ತಲೆ ಹಾಕಿದ ಹಾಗಾಯಿತೇನೋ. ನಿನಗೆ ಸರಿ ಕಂಡದ್ದನ್ನು ಮಾಡು. ಆದರೆ ಆ ಸಾಲನ್ನು ಅವಳಿಗೆ ಕೇಳಿಸೋ ಹಾಗೆ ಫೋನಿನಲ್ಲಿ ಯಾರಿಗೂ ಹೇಳಬೇಡ. ಮಕ್ಕಳು ಗೋಡೆಯ ಆಚೆಯಿಂದಲೂ ಕೇಳಿಸಿಕೊಳ್ತಾರೆ.

ಆ ಮೂವರಲ್ಲಿ ಒಬ್ಬಳು ವ್ಯಾನಿನಲ್ಲಿ ಇವಳಿಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟಳು ಅಂತ ಬರೆದಿದ್ದೆಯಲ್ಲ, ಅವಳ ಅಮ್ಮನನ್ನು ಕೇಳಿನೋಡು. ಒಪ್ಪಿದರೆ ಭಾನುವಾರ ಇಬ್ಬರನ್ನೂ ಕರೆದುಕೊಂಡು ಬಾ. ಮೂವರನ್ನೂ ಬೇಡ, ಅವಳೊಬ್ಬಳೇ ಸಾಕು. ಬೆಳ್ಳಂದೂರಿನಿಂದ ಬೆಳಿಗ್ಗೆ ಬೇಗ ಹೊರಟರೆ ಟ್ರಾಫಿಕ್ ಇರಲ್ಲ. ಕೃಷ್ಣರಾವ್ ಪಾರ್ಕಿನಲ್ಲಿ ಆಡಿಸಿಕೊಂಡು ಬರೋಣ, ನಾನು ಕೋಡುಬಳೆ ಮಾಡಿಟ್ಟಿರ್ತೀನಿ. ತಾರಸಿಯೂ ಇದೆ, ಇಟ್ಟಿಗೆ ಚೂರೂ ಸಿಗುತ್ತೆ.

ನಿನ್ನ
ದೊಡ್ಡಮ್ಮ